ನಳಿಗೆಯ ಬಾಯಿಗೆ ಏನು ಕಟ್ಟಬೇಕು

ಸೊಸೆ ರೈಫಲ್ ಬಿಡುವ ಮಾತು ತೆಗೆದದ್ದು ಬೆಳಗಿನ ನಾಷ್ಟಾ ಮಾಡುವಾಗ.

"ಈ ಸಲ ನ್ಯಾಷನಲ್ಸ್‌ಗೆ ಆಯ್ಕಿ ಆಗಲಿಲ್ಲ ಅಂದ್ರ ಸಾಕ್ರಿ ಮಾವಾರ. ರೈಫಲ್ ಕೊಟ್ಟಬಿಡ್ತೀನಿ. ಕ್ಲಬ್ಬಿನ್ಯಾಗ ಕೇಳವರು ಅದಾರ."

ನಾನು ಅವಲಕ್ಕಿಯ ತಾಟು ಕೆಳಗಿಟ್ಟೆ. ಸೊಸೆ ಗೋಕಾಕದ ಕೋರ್ಟಿನಲ್ಲಿ ವಕೀಲಿ ಮಾಡುವವಳು. ಸುಮ್ಮನೆ ಹೆದರಿಸಲು ಮಾತಾಡುವವಳಲ್ಲ. ಮೂಡಲಗಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಮಗನಿಗೆ ರೈಫಲ್ಲೂ ಒಂದೇ, ಹಾರೆಯೂ ಒಂದೇ. ಮನೆಯಲ್ಲಿ ಗುರಿ ಹೊಡೆಯುವ ಹುಚ್ಚು ನನ್ನ ನಂತರ ಹಿಡಿದದ್ದು ಅವಳಿಗೆ ಮಾತ್ರ. ಮದುವೆಯಾಗಿ ಬಂದ ಹೊಸದರಲ್ಲಿ ಸುಮ್ಮನೆ ನೋಡಲೆಂದು ನನ್ನ ಜೊತೆ ಕ್ಲಬ್ಬಿಗೆ ಬಂದಿದ್ದಳು. ನೆಲದ ಮೇಲೆ ಚಾಪೆ ಹಾಸಿ, ಬೋರಲು ಮಲಗಿ, ಮೊದಲ ದಿನವೇ ಗುಂಡುಗಳನ್ನು ಒಂದರ ಪಕ್ಕ ಒಂದು ಕೂರಿಸಿದಳು. ಉಸಿರು ಹಿಡಿಯುವುದನ್ನೂ ರೈಫಲ್ಲಿನ ಕುದುರೆ ಒತ್ತುವುದನ್ನೂ ನಾನೇ ಕಲಿಸಿದೆ. ಆಮೇಲೆ ಅವಳೇ ಲೈಸೆನ್ಸ್ ಮಾಡಿಸಿದಳು. ಒಬ್ಬ ಹಳೆಯ ಆಟಗಾರರು ಆಟ ಬಿಟ್ಟಾಗ ಅವರ ಪಾಯಿಂಟ್ ಟೂ-ಟೂ ರೈಫಲ್ ಕೊಂಡಳು.

ಕಳೆದ ಎರಡು ರಾಜ್ಯ ಸ್ಪರ್ಧೆಗಳಲ್ಲಿಯೂ ಅವಳು ಕೂದಲೆಳೆಯಲ್ಲಿ ತಪ್ಪಿಸಿಕೊಂಡಳು. ಎರಡೂ ಸಲ ಶುರುವಿನ ಹತ್ತು ಗುಂಡುಗಳಲ್ಲಿಯೇ ಕೆಟ್ಟಿತು. ಅಲ್ಲಿ ಒಂಬತ್ತು, ಎಂಟು ಅಂಕ ಬಿದ್ದವು; ಉಳಿದ ಗುಂಡುಗಳು ಹತ್ತು ಅಂಕದ ನಡುವಿನ ವರ್ತುಲ ಬಿಟ್ಟು ಕದಲಿರಲಿಲ್ಲ. ಕೋರ್ಟು, ಕಕ್ಷಿದಾರರು, ಮನೆ, ಇವುಗಳ ನಡುವೆ ಭಾನುವಾರವನ್ನು ಕಿತ್ತುಕೊಂಡು ಅಭ್ಯಾಸ ಮಾಡುವವಳಿಗೆ ಹೀಗೆ ಬಾಗಿಲ ತನಕ ಹೋಗಿ ತಿರುಗಿ ಬರುವುದು ಬೇಸರ ತಂದಿತ್ತು.

"ಬಿಡೂ ಮಾತು ಆಮ್ಯಾಲೆ ಆಡೂಣು," ಅಂದೆ. "ಮೊದಲ ರೈಫಲ್ಲಿನ ಬಾಯಿ ನೋಡೂಣು."

ಆ ರೈಫಲ್ಲು ನಮ್ಮ ಮನೆಗೆ ಬಂದದ್ದೇ ಬರಿಯ ಬಾಯಿಯಲ್ಲಿ. ಗುರಿ ಸ್ಪರ್ಧೆಯ ಟೂ-ಟೂ ರೈಫಲ್ಲಿನ ನಳಿಗೆಯ ತುದಿಗೆ ಸಾಮಾನ್ಯವಾಗಿ ಏನಾದರೊಂದು ಕಟ್ಟಿರುತ್ತಾರೆ. ಕೆಲವರು ಉದ್ದನೆಯ ಕೊಳವೆ ಕಟ್ಟುತ್ತಾರೆ, ಕೆಲವರು ಭಾರದ ಬಳೆ. ಹಳೆಯ ಮಾಲೀಕರು ತಮ್ಮದನ್ನು ಬಿಚ್ಚಿಕೊಂಡು ಹೋಗಿದ್ದರು. ತುದಿ ಹಗುರವಾಗಿದ್ದರಿಂದ ಗುರಿ ಹಿಡಿದಾಗ ಅದು ಕೋಳಿಯ ಕತ್ತಿನಂತೆ ಅತ್ತಿತ್ತ ಆಡುತ್ತದೆ ಎಂದು ಸೊಸೆ ಮೊದಲಿನಿಂದಲೂ ಹೇಳುತ್ತಿದ್ದಳು. ನಾನು, ಅದು ತೋಳಿನ ತಪ್ಪು, ಅಭ್ಯಾಸ ಹೆಚ್ಚಿಸು ಎನ್ನುತ್ತಿದ್ದೆ. ಈಗ ಅವಳು ಬಿಡುವ ಮಾತು ಆಡಿದ ಮೇಲೆ ಆ ಉತ್ತರ ಸಾಲುವಂತಿರಲಿಲ್ಲ.

ನಾನು ಪದಾತಿದಳದಲ್ಲಿದ್ದವನು. ಕೊನೆಯ ವರ್ಷಗಳಲ್ಲಿ ಹೊಸದಾಗಿ ಸೇರಿದ ರಂಗರೂಟರಿಗೆ ಬಂದೂಕು, ಹತ್ಯಾರ ಕಲಿಸುತ್ತಿದ್ದೆ, ಸುಬೇದಾರನಾಗಿ ನಿವೃತ್ತನಾದೆ. ಮನೆಗೆ ಬಂದ ಮೇಲೆಯೂ ನಡಿಗೆ, ಸ್ನಾನ, ಲಿಂಗಪೂಜೆ, ನಾಷ್ಟಾ, ಎಲ್ಲವೂ ಹಾಕಿದ ಕ್ರಮದಲ್ಲಿಯೇ ನಡೆಯಬೇಕು. ಹೆಂಡತಿ ನಮ್ಮ ಮನೆಯನ್ನು ಪಲ್ಟಣ ಎಂದೇ ಕರೆಯುತ್ತಾಳೆ. ಹತ್ಯಾರದ ವಿಷಯದಲ್ಲಿ ನನ್ನ ಕ್ರಮ ಇನ್ನೂ ಬಿಗಿ. ಗುಂಡು ಹಾರಿಸಿದ ನಳಿಗೆಯನ್ನು ಶುಚಿ ಮಾಡದೆ ನಾನು ಅನ್ನ ಮುಟ್ಟಿದವನಲ್ಲ. ಅದಕ್ಕೆ ನಮ್ಮಲ್ಲಿ ಫುಲ್‌ಥ್ರೂ ಎಂಬ ಸಾಧನ ಇರುತ್ತಿತ್ತು: ಒಂದು ಗಟ್ಟಿ ಹುರಿ, ಅದರ ಒಂದು ತುದಿಗೆ ಸಣ್ಣ ಹಿತ್ತಾಳೆಯ ಭಾರ, ಇನ್ನೊಂದು ತುದಿಗೆ ಚಿಂದಿ ಬಟ್ಟೆ ಸಿಗಿಸುವ ಕುಣಿಕೆ. ಭಾರವನ್ನು ಹಿಂದಿನಿಂದ ಇಳಿಬಿಟ್ಟು ಬಾಯಿಯಿಂದ ಎಳೆದರೆ ನಳಿಗೆ ಒಳಗೆಲ್ಲ ಒರೆಸಿಕೊಂಡು ಬರುತ್ತದೆ. ಮೊದಲು ಎಣ್ಣೆಯ ಚಿಂದಿ, ಆಮೇಲೆ ಒಣ ಚಿಂದಿ. ಸೊಸೆಯ ರೈಫಲ್ಲಿಗೂ ಈ ಸೇವೆ ನನ್ನದೇ. ಸ್ಪರ್ಧೆಯ ಮುನ್ನಾದಿನವಂತೂ ಬೆಳಕಿಗೆ ಹಿಡಿದು ನೋಡಿದರೆ ನಳಿಗೆಯ ಒಳಗೆ ಕನ್ನಡಿ ಕಾಣಬೇಕು, ಹಾಗೆ ಎಳೆಯುತ್ತಿದ್ದೆ.

ನಮ್ಮ ಕ್ಲಬ್ಬಿನ ಗುರಿಮೈದಾನ ಹತ್ತರಗಿಯ ಹತ್ತಿರ, ಹೆದ್ದಾರಿ ಬಿಟ್ಟು ಒಳಗೆ, ಕೆಲಸ ನಿಂತುಹೋದ ಒಂದು ಕಲ್ಲಿನ ಖಣಿಯಲ್ಲಿದೆ. ಮೂರು ಕಡೆ ಕಲ್ಲಿನ ಗೋಡೆ ಇರುವುದರಿಂದ ಗುಂಡು ಹೊರಗೆ ಹೋಗುವ ಭಯವಿಲ್ಲ. ತೆರೆದ ಕಡೆಯಿಂದ ಹಿಡಕಲ್ ಜಲಾಶಯದ ನೀರಿನ ಮೇಲಿನ ಗಾಳಿ ಬರುತ್ತದೆ, ಅದೊಂದೇ ತೊಂದರೆ. ಮೈದಾನ ನೋಡಿಕೊಳ್ಳುವವರು ಹುಕ್ಕೇರಿಯ ನನ್ನ ಗೆಳೆಯರೊಬ್ಬರು, ನನ್ನ ಓರಗೆಯವರು. ನೀರಾವರಿ ಇಲಾಖೆಯಲ್ಲಿದ್ದು, ಅಣೆಕಟ್ಟು ಕಾಲುವೆಗಳ ಕೆಲಸದಲ್ಲಿಯೇ ಕೂದಲು ಬೆಳ್ಳಗಾದವರು. ಸೊಸೆ ಅವರನ್ನು ಕಾಕಾ ಎನ್ನುತ್ತಾಳೆ. ನನ್ನ ಕಾಲೆಳೆಯುವುದನ್ನು ಅವರು ಪಿಂಚಣಿಯ ಜೊತೆ ಬಂದ ಸವಲತ್ತು ಎಂದು ತಿಳಿದಿದ್ದಾರೆ.

ಮುಂದಿನ ಭಾನುವಾರ ಅವರು ಕ್ಲಬ್ಬಿನ ಕಪಾಟು ತೆರೆದು ಮೂರು ಸಾಮಾನು ಮೇಜಿನ ಮೇಲೆ ಇಟ್ಟರು. ಬೇರೆ ಬೇರೆ ಕಾಲದಲ್ಲಿ ಆಟಗಾರರು ಬಿಟ್ಟುಹೋದವು. ಮೂರೂ ನಮ್ಮ ನಳಿಗೆಯ ದಪ್ಪಕ್ಕೆ ಕೂರುವಂಥವು. ಸಣ್ಣ ಸ್ಕ್ರೂ ಬಿಗಿದರೆ ಹಿಡಿದುಕೊಳ್ಳುತ್ತಿದ್ದವು.

ಮೊದಲನೆಯದು ಬ್ರೇಕ್. ಬದಿಗಳಲ್ಲಿ ತೂತುಗಳಿರುವ ಗಿಡ್ಡ ಮೂತಿ. ಗುಂಡಿನ ಹಿಂದೆ ನುಗ್ಗುವ ಹೊಗೆಗಾಳಿಯನ್ನು ಬದಿಗೆ ತಿರುಗಿಸಿ ಒದೆತ ಕಡಿಮೆ ಮಾಡುವುದು ಅದರ ಕೆಲಸ. ಎರಡನೆಯದು ಕೊಳವೆ. ಗೇಣಿಗಿಂತ ಉದ್ದ, ಒಳಗೆ ಪೊಳ್ಳು, ಎಲ್ಲಿಯೂ ತೂತಿಲ್ಲ. ಅದರ ತುದಿಗೆ ಗುರಿ ಹಿಡಿಯುವ ಮುಂದಿನ ಸೈಟ್ ಕೂರಿಸಿದರೆ ಎರಡು ಸೈಟುಗಳ ನಡುವಿನ ದೂರ ಹೆಚ್ಚಿ, ಗುರಿಯ ಸಣ್ಣ ತಪ್ಪೂ ಕಣ್ಣಿಗೆ ಬೀಳುತ್ತದೆ. ಮೂರನೆಯದು ಟ್ಯೂನರ್. ಭಾರದ ಒಂದು ಬಳೆ, ತಿರುಪಿನ ಸುತ್ತುಗಳ ಮೇಲೆ ತಿರುಗಿಸಿದರೆ ತುಸು ಹಿಂದೆ ತುಸು ಮುಂದೆ ಸರಿಯುತ್ತದೆ. ಗುಂಡು ಹಾರುವಾಗ ನಳಿಗೆ ಮಿಡಿದ ತಂತಿಯಂತೆ ನಡುಗುತ್ತದೆ. ಬಳೆಯನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿದರೆ ಆ ನಡುಕ ಗುಂಡುಗಳನ್ನು ಚದುರಿಸುವುದಿಲ್ಲ ಎನ್ನುತ್ತಾರೆ.

ನನ್ನ ಕೈ ತಾನಾಗಿ ಬ್ರೇಕ್ ಕಡೆ ಹೋಯಿತು.

"ಸುಬೇದಾರ್ರ," ಅಂದರು ಗೆಳೆಯರು, "ಟೂ-ಟೂಕ ಬ್ರೇಕ್ ಅಂದ್ರ ಸೈಕಲ್ಲಿಗೆ ಟ್ರಕ್ಕಿನ ಬ್ರೇಕ್ ಹಾಕಿದಂಗ್ರಿ. ಒದಿಯೂದ ಇಲ್ಲ ಅದು."

"ಹಾಕಿದ್ರ ಏನಾತು? ಸೈಕಲ್ ನಿಲ್ತೈತಿಲ್ಲೋ?"

"ನಿಲ್ತೈತಿ. ಮ್ಯಾಲೆ ಕುಂತಂವ ಮುಂದ ಹಾರಿ ಬೀಳ್ತಾನ."

ಸೊಸೆ ನಕ್ಕಳು. ನಾನು ನಗಲಿಲ್ಲ. ನಾನು ಕಂಡ ದೊಡ್ಡ ಹತ್ಯಾರಗಳ ಬಾಯಿಗೆಲ್ಲ ಇಂಥದೇ ಮೂತಿ ಇರುತ್ತಿತ್ತು. ವಾದ ಬೇಡ, ಪರೀಕ್ಷೆ ಮಾಡೋಣ ಅಂದೆ. ಪರೀಕ್ಷೆಯ ಕ್ರಮ ನಾನೇ ಹಾಕಿದೆ. ರೈಫಲ್ಲನ್ನು ಮರಳಿನ ಚೀಲದ ಮೇಲೆ ಇಡಬೇಕು, ಕಣ್ಣಿನ ತಪ್ಪು ಬಾರದಂತೆ ಅಂದಿನ ಮಟ್ಟಿಗೆ ದುರ್ಬೀನು ಕೂರಿಸಬೇಕು, ಪ್ರತಿಯೊಂದು ಸಾಮಾನಿಗೂ ಹೊಸ ಕಾರ್ಡು ಹಚ್ಚಿ ಐದು ಗುಂಡು. ಸೊಸೆ ಹೊಡೆಯುವುದು, ನಾನು ಸಾಮಾನು ಬದಲಿಸುವುದು, ಗೆಳೆಯರು ಅತ್ತ ಕಾರ್ಡು ಬದಲಿಸುವುದು. ಗುಂಡು ದಂಡ ಮಾಡಬಾರದು ಎಂಬುದು ನನ್ನ ಹಳೆಯ ನಿಯಮ. ಹೀಗಾಗಿ ಗುರಿಯ ಅಂದಾಜು ನೋಡಲೆಂದು ಮುಂಚೆ ಹೆಚ್ಚಿಗೆ ಗುಂಡು ಹಾರಿಸುವಂತಿಲ್ಲ.

ಅವಳು ಬೆಳಗಿನ ಅಭ್ಯಾಸ ಮುಗಿಸಿ ಎದ್ದಿದ್ದಳಷ್ಟೇ. ಹಾಗೆಯೇ ಮೊದಲು ಬ್ರೇಕ್ ಕಟ್ಟಿದೆ. ಐದೂ ಗುಂಡು ಒಂದೇ ತೂತಿನಂತೆ ಕೂತವು. ಒಂದು ರೂಪಾಯಿಯ ನಾಣ್ಯ ಇಟ್ಟರೆ ಪೂರ್ತಿ ಮುಚ್ಚುತ್ತಿತ್ತು.  ಬ್ರೇಕ್ ಬಿಚ್ಚಿದೆ, ಬಾಯಿ ತೆರೆದ ನಳಿಗೆ ಎದುರಿಗಿತ್ತು, ಫುಲ್‌ಥ್ರೂ ಇಳಿಬಿಟ್ಟು ಎಣ್ಣೆಯ ಚಿಂದಿ, ಒಣ ಚಿಂದಿ ಎಳೆದೆ. ಕೊಳವೆ ಕಟ್ಟಿದೆ. ಗುಂಡುಗಳು ಚಾದ ಕಪ್ಪಿನ ತಳದಷ್ಟು ಅಗಲಕ್ಕೆ ಚದುರಿದವು. ಬಿಚ್ಚಿದೆ, ಒರೆಸಿದೆ, ಟ್ಯೂನರ್ ಕಟ್ಟಿದೆ. ಅದೂ ಅಷ್ಟೇ. ಕೊನೆಗೆ ಮತ್ತೆ ಬಿಚ್ಚಿ ಒರೆಸಿ, ಬರಿಯ ಬಾಯಿ. ಅದು ಎಲ್ಲಕ್ಕಿಂತ ಕೆಟ್ಟದ್ದು.

"ಏನ್ರಿ, ಯಾರು ಹಾರಿಬಿದ್ರು ಸೈಕಲ್ ಮ್ಯಾಲಿಂದ?" ಎಂದು ಗೆಳೆಯರನ್ನು ಕೇಳಿದೆ. ಅವರು ಕಾರ್ಡುಗಳನ್ನು ತಿರುಗಿಸಿ ತಿರುಗಿಸಿ ನೋಡಿ, ಬುತ್ತಿ ಬಿಚ್ಚಲು ಹೋದರು.

ವಾಪಸು ಬರುವಾಗ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಸಿಕ್ಕಿಕೊಂಡೆವು. ಮುಂದೆ ಹೋಗುವಂತಿರಲಿಲ್ಲ. ನಾನು ಕಾರಿನ ಸ್ಟೇರಿಂಗ್ ಹಿಡಿದು ಕುಳಿತಿದ್ದೆ. ಸೊಸೆ ಮೊಬೈಲಿನಲ್ಲಿ ಸ್ಪರ್ಧೆಯ ನಿಯಮಗಳನ್ನು ಓದುತ್ತಿದ್ದಳು. ವಕೀಲರ ಓದು, ಒಂದು ಶಬ್ದ ಬಿಡುವುದಿಲ್ಲ.

"ಮಾವಾರ, ನಿಮ್ಮ ಬ್ರೇಕ್ ಕೇಸು ವಜಾ ಆತು."

"ಯಾಕ?"

"ನಳಿಗಿಗಾಗ್ಲಿ, ಅದಕ್ಕ ಕಟ್ಟಿದ ಕೊಳವಿಗಾಗ್ಲಿ ತೂತು ಇರಬಾರದಂತ. ಬ್ರೇಕ್ ನಡೆಯೂದ ಇಲ್ಲ. ಕಟ್ಟಿಕೊಂಡು ಹೋದ್ರ ತಪಾಸಣಿಯಾಗ ಹೊರಗ ಹಾಕ್ತಾರ."

"ಮೇಲ್ಮನವಿ?"

"ಯಾರ ಮುಂದ್ರಿ? ಈ ಟ್ರ್ಯಾಕ್ಟರಿನವನ ಮುಂದೇನು?"

ಹೀಗೆ ಚಲೋ ಹೊಡೆದದ್ದು ನಡೆಯುವುದಿಲ್ಲ, ನಡೆಯುವುದು ಚಲೋ ಹೊಡೆಯುವುದಿಲ್ಲ ಎಂಬಲ್ಲಿಗೆ ಬಂದು ನಿಂತೆವು. ರಾಜ್ಯ ಸ್ಪರ್ಧೆ ಹತ್ತಿರ ಬರುತ್ತಿತ್ತು. ಸೊಸೆ ಮೊಬೈಲು ಪರ್ಸಿಗೆ ಹಾಕಿ ಕಿಟಕಿಯ ಹೊರಗೆ ಕಬ್ಬನ್ನು ನೋಡುತ್ತ ಕುಳಿತಳು.

ಆ ವಾರ ನನಗೊಂದು ಜಮೀನಿನ ಕಾಗದದ ಕೆಲಸಕ್ಕೆ ಗೋಕಾಕಕ್ಕೆ ಹೋಗುವುದಿತ್ತು. ಕಾರ್ಡುಗಳನ್ನು ಕೈಚೀಲದಲ್ಲಿ ಹಾಕಿಕೊಂಡು ಹೋದೆ. ಮಧ್ಯಾಹ್ನ ಕೋರ್ಟಿನ ಎದುರಿನ ಚಾದಂಗಡಿಯಲ್ಲಿ ಸೊಸೆ ಕರಿ ಕೋಟು ತೋಳಿನ ಮೇಲೆ ಹಾಕಿಕೊಂಡು ಬಂದಳು. ಕಾರ್ಡುಗಳನ್ನು ಮೇಜಿನ ಮೇಲೆ ಹರವಿದೆ. ಪಕ್ಕದ ಮೇಜಿನ ಕಕ್ಷಿದಾರನೊಬ್ಬ ಕತ್ತು ಉದ್ದ ಮಾಡಿ, "ಪೊಲೀಸರ ಪುರಾವೇನ್ರಿ ಅಕ್ಕಾರ?" ಎಂದು ಕೇಳಿದ. "ಹೂಂ, ಮಾವಾರ ಮ್ಯಾಲಿನ ಕೇಸು," ಅಂದಳು ಅವಳು, ಮುಖ ಬದಲಿಸದೆ. ಆತ ನನ್ನನ್ನು ಮೇಲಿಂದ ಕೆಳಗೆ ನೋಡಿ ತನ್ನ ಬನ್ನಿಗೆ ತಿರುಗಿದ.

"ತೂತಿನಿಂದ ಇಷ್ಟು ಫರಕು ಬೀಳೂದು ನಂಬಂಗಿಲ್ಲ," ಅಂದಳು. "ಕಾಕಾ ಹೇಳೂದು ಖರೆ ಐತಿ. ಟೂ-ಟೂದಾಗ ಆ ಗಾಳಿ ಎಷ್ಟರಿ ಇರ್ತೈತಿ? ಒಂದs ಸಲ ಆಗಿದ್ದು ಸಾಕ್ಷಿ ಅನಿಸೂದಿಲ್ಲ."

"ಹಂಗಾರ ಮತ್ತೊಮ್ಮಿ ಮಾಡೂಣು. ಈ ಸಲ ಇನ್ನೂ ಶಿಸ್ತಲೆ."

ಇನ್ನೂ ಶಿಸ್ತು ಎಂದರೆ ನನ್ನ ಪ್ರಕಾರ ಇನ್ನೂ ಶುಚಿ. ಮೊದಲ ಸಲ ಬ್ರೇಕ್ ಕಟ್ಟುವ ಮುಂಚೆ ನಳಿಗೆ ಒರೆಸಿರಲಿಲ್ಲ, ಅದೊಂದು ಲೋಪ ಎಂದು ನನಗೆ ಅನಿಸಿತ್ತು. ಎರಡನೆಯ ಭಾನುವಾರ ಅದನ್ನೂ ಸರಿಪಡಿಸಿದೆ. ಪ್ರತಿ ಸಾಮಾನಿಗೂ ಮುಂಚೆ ಫುಲ್‌ಥ್ರೂ, ಚಿಂದಿ ಬೆಳ್ಳಗೆ ಹೊರಬರುವ ತನಕ. ಫಲ ಹೀಗಾಯಿತು: ಈ ಸಲ ಬ್ರೇಕ್ ಕೂಡ ಚದುರಿಸಿತು. ಕೊಳವೆ, ಟ್ಯೂನರ್, ಬರಿಯ ಬಾಯಿ, ಒಂದೂ ನಾಣ್ಯದ ಹತ್ತಿರ ಬರಲಿಲ್ಲ.

ಸೊಸೆ ರೈಫಲ್ಲಿನಿಂದ ಎದ್ದು ಚಾಪೆಯ ಮೇಲೆ ಕುಳಿತಳು. ಮೊಣಕೈ ಒರೆಸಿಕೊಂಡಳು.

"ನಳಿಗಿನ ಸವದೈತ್ರಿ ಮಾವಾರ. ಅದಕ್ಕ ಅವರು ಮಾರ್ಯಾರ. ಬಾಯಿಗೆ ಏನು ಕಟ್ಟಿದ್ರೂ ಅಷ್ಟs."

"ಹಂಗೆಲ್ಲಾ ಸವಿಯೂದಿಲ್ಲ ಯವ್ವಾ, ಟೂ-ಟೂ ನಳಿಗಿ."

"ಮತ್ತೇನು? ನನ್ನ ಕೈ ಅಂತೂ ಅಲ್ಲ. ಚೀಲದ ಮ್ಯಾಲಿಟ್ಟು ಹೊಡದೇನಿ." ಆಮೇಲೆ ಗೆಳೆಯರ ಕಡೆ ತಿರುಗಿ, "ಕಾಕಾ, ಆ ರೈಫಲ್ ಕೇಳವರಿಗೆ ಹೇಳ್ರಿ. ಸ್ಪರ್ಧಾ ಮುಗಿದ ಮ್ಯಾಲೆ ಬಂದು ನೋಡಲಿ," ಅಂದಳು.

ಗೆಳೆಯರು ಆ ದಿನ ತಮಾಷೆ ಮಾಡಲಿಲ್ಲ. ನಾನು ರೈಫಲ್ಲನ್ನು ಪೆಟ್ಟಿಗೆಯಲ್ಲಿ ಇಡುವ ಮುಂಚೆ ಮತ್ತೊಮ್ಮೆ ಒರೆಸಿದೆ.

ಅವಳು ಹೊಡೆಯುವುದನ್ನು ಬಿಟ್ಟರೆ ನನಗೇನು ಎಂದು ನಾನು ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅದು ದೊಡ್ಡ ವಿಷಯವಲ್ಲ. ಅವಳಿಗೆ ಅದು ಏನು ಎಂಬುದು ನನಗೆ ಗೊತ್ತಿತ್ತು. ವಾರವೆಲ್ಲ ಬೇರೆಯವರ ಜಗಳ ಕೇಳುವವಳು ಆ ಚಾಪೆಯ ಮೇಲೆ ಮಲಗಿದಾಗ ಮಾತ್ರ ಯಾರ ಮಾತೂ ಕೇಳುವುದಿಲ್ಲ. ಕಿವಿಗೆ ಮುಚ್ಚಳ ಹಾಕಿಕೊಂಡು, "ಈಗ ಕೋರ್ಟಿಗೆ ರಜಾ," ಎನ್ನುತ್ತಾಳೆ. ಅದು ತಪ್ಪಬಾರದಿತ್ತು.

ಸ್ಪರ್ಧೆಗೆ ಮುಂಚೆ ಒಂದೇ ಭಾನುವಾರ ಉಳಿದಿತ್ತು. ಬೆಳಿಗ್ಗೆ ಹುಕ್ಕೇರಿ ದಾಟಿ ಮೈದಾನಕ್ಕೆ ಹೋದೆವು. ಸಾಮಾನಿನ ಡಬ್ಬಿ ತೆರೆದರೆ ಎಣ್ಣೆ ಇದೆ, ಚಿಂದಿ ಇದೆ, ಫುಲ್‌ಥ್ರೂ ಇಲ್ಲ. ನನ್ನ ಡಬ್ಬಿಯಲ್ಲಿ ಪ್ರತಿಯೊಂದಕ್ಕೂ ಒಂದು ಜಾಗ ಇದೆ. ಆ ಜಾಗ ಖಾಲಿ ಇದ್ದದ್ದನ್ನು ನಾನು ಎಂದೂ ನೋಡಿರಲಿಲ್ಲ. ಮನೆಗೆ ಫೋನ್ ಹಚ್ಚಿದೆ.

"ನನ್ನ ಹುರಿ ಎಲ್ಲೈತಿ? ಹಿತ್ತಾಳಿ ಭಾರ ಇದ್ದದ್ದು?"

"ಅದಾ?" ಅಂದಳು ಹೆಂಡತಿ. "ಪರಕರಕ್ಕ ಲಾಡಿ ಹಾಕಾಕ ತಗೊಂಡಿದ್ನಿ. ಭಾಳ ಚಲೋ ಐತ್ರಿ, ಒಮ್ಮಿ ಬಿಟ್ರ ಸರ್ರಂತ ಆ ಕಡೆ ಬರ್ತೈತಿ. ಪಿನ್ನಿನಂಗ ನಡಕ ಬಿಚ್ಚೂದಿಲ್ಲ."

"ಅದು ಸರ್ಕಾರಿ ಹತ್ಯಾರದ ಸಾಮಾನು ಇದ್ದಂಗ. ಪರಕರಕ್ಕ ಹಾಕ್ತಾರ?"

"ಸರ್ಕಾರ ಬಿಟ್ಟು ಬಂದು ಎಷ್ಟ ವರ್ಷ ಆತು? ಸಂಜಿಕ ಕೊಡ್ತೀನಿ ಬರ್ರಿ."

ಪಕ್ಕದಲ್ಲಿದ್ದ ಗೆಳೆಯರಿಗೆ ಎಲ್ಲವೂ ಕೇಳಿಸಿತ್ತು. ಅವರು ಕಲ್ಲಿನ ಗೋಡೆಯ ಕಡೆ ಮುಖ ತಿರುಗಿಸಿ ಹೆಗಲು ಕುಣಿಸುತ್ತಿದ್ದರು.

ತಿರುಗಿ ಹೋಗುವುದು ನನ್ನ ಮೊದಲ ವಿಚಾರ. ಸೊಸೆ ಒಪ್ಪಲಿಲ್ಲ. "ಹೆಂಗಿದ್ರೂ ಕಡೀ ಭಾನುವಾರ. ಒರಸದs ಹೊಡೀತೀನಿ. ನಳಿಗಿ ಸವದಿದ್ರ ಇನ್ನೇನು ಕೆಡಾಕ ಉಳದೈತಿ?" ಅಂದಳು. ಮೊದಲು ಬೇಸರ ಕಳೆಯಲೆಂದು ಸುಮ್ಮನೆ ಒಂದಿಷ್ಟು ಗುಂಡು ಹಾರಿಸಿದಳು, ನನ್ನ ನಿಯಮ ಮೀರಿ, ಯಾವ ಕಾರ್ಡಿಗೂ ಅಲ್ಲ, ಹಿಂದಿನ ಮಣ್ಣಿನ ದಿಬ್ಬಕ್ಕೆ. ನಾನು ತಡೆಯಲಿಲ್ಲ. ಆಮೇಲೆ ಕೊಳವೆ ಕಟ್ಟಿದೆ.

ದುರ್ಬೀನಿನಲ್ಲಿ ನೋಡಿದೆ. ಕಾರ್ಡಿನಲ್ಲಿ ಒಂದೇ ತೂತು ಕಂಡಿತು. ಉಳಿದ ಗುಂಡುಗಳು ಕಾರ್ಡಿಗೇ ತಾಗಿಲ್ಲ ಎಂದುಕೊಂಡೆ. ಗೆಳೆಯರು ಕಾರ್ಡು ತಂದು ಮುಂದೆ ಹಿಡಿದರು. ತೂತಿನ ಅಂಚು ಹರಿದಿತ್ತು, ಐದೂ ಅಲ್ಲಿಯೇ ಹೋಗಿದ್ದವು. ಮುಚ್ಚಲು ಇಡೀ ನಾಣ್ಯ ಬೇಕಿರಲಿಲ್ಲ, ಅದರ ಅರ್ಧವೇ ಸಾಕಿತ್ತು.

ಟ್ಯೂನರ್ ಕಟ್ಟಿದೆ. ಅದೂ ಹಾಗೆಯೇ. ಬ್ರೇಕ್, ಹಾಗೆಯೇ. ಬರಿಯ ಬಾಯಿ ಕೂಡ ನಾಣ್ಯದೊಳಗೇ ಬಂತು.

ಮೂವರೂ ಮೇಜಿನ ಮುಂದೆ ನಿಂತೆವು. ನಳಿಗೆ ಅದೇ, ಗುಂಡು ಅದೇ ಡಬ್ಬಿಯವು, ಗಾಳಿ ಎಂದಿನದು. ಮೊದಲ ಭಾನುವಾರ ಬ್ರೇಕ್ ಒಂದೇ ಚಲೋ ಬಂದಿತ್ತು. ಅಂದು ಅದನ್ನು ಮಾತ್ರ ಒರೆಸದೆ ಕಟ್ಟಿದ್ದೆ. ಎರಡನೆಯ ಭಾನುವಾರ ಎಲ್ಲಕ್ಕೂ ಒರೆಸಿದ್ದೆ, ಎಲ್ಲವೂ ಕೆಟ್ಟಿದ್ದವು. ಇಂದು ಯಾವುದಕ್ಕೂ ಒರೆಸಿಲ್ಲ. ನನಗೂ ಅವಳಿಗೂ ಅದು ಒಟ್ಟಿಗೇ ಹೊಳೆದಿರಬೇಕು.  ಆದರೆ ಆ ಮಾತನ್ನು ಮೊದಲು ಆಡಿದವರು ಗೆಳೆಯರು.

"ಹೊಸಾ ಕಾಲುವಿಗೆ ಮೊದಲನೇ ನೀರು ಬಿಟ್ಟಾಗ ತುದಿಗೆ ಮುಟ್ಟೂದಿಲ್ರಿ. ನೆಲಾ ಕುಡೀಬೇಕು, ತಣೀಬೇಕು. ಆಮ್ಯಾಲೆ ನೀರು ಒಂದs ಸಮ ಹರೀತೈತಿ. ನೀವು ಏನ್ ಮಾಡೀರಿ ಅಂದ್ರ, ಪ್ರತಿ ಸಲ ಕಾಲುವಿ ಒಣಗಿಸಿ, ತುದೀ ಹೊಲಾ ಯಾಕ ತೊಯ್ದಿಲ್ಲ ಅಂತ ಕೇಳೀರಿ."

ಟೂ-ಟೂ ಗುಂಡು ಮೆತ್ತಗಿನ ಸೀಸ, ಮೇಲೆ ಮೇಣದಂಥ ಜಿಡ್ಡು. ಆ ಜಿಡ್ಡು ನಳಿಗೆಯ ಒಳಗೆ ತೆಳ್ಳಗೆ ಹತ್ತಿಕೊಂಡ ಮೇಲೆಯೇ ಗುಂಡುಗಳು ಒಂದೇ ತೆರನಾಗಿ ಹೋಗುತ್ತವೆ. ಒರೆಸಿದ ಮೇಲಿನ ಮೊದಲ ಗುಂಡುಗಳು ತಮ್ಮ ದಾರಿಯನ್ನು ತಾವೇ ಹಾಕಿಕೊಳ್ಳಬೇಕು. ಇದು ಗೊತ್ತಿದ್ದವರಿಗೆ ಗೊತ್ತಿರುವ ವಿಷಯವೇ. ನಾನು ಫೌಜಿನಲ್ಲಿ ಕಲಿತ ನಳಿಗೆಗಳು ಬೇರೆ, ಅವು ಕಂಡ ಮಳೆ ಕೆಸರು ಬೇರೆ. ಅಲ್ಲಿ ಒರೆಸದ ನಳಿಗೆ ತುಕ್ಕು ಹಿಡಿಯುತ್ತಿತ್ತು. ಇಲ್ಲಿ ಒರೆಸಿದ ನಳಿಗೆ ಗುರಿ ತಪ್ಪುತ್ತಿತ್ತು.

ಸೊಸೆ ನನ್ನ ಕಡೆ ತಿರುಗಿದಳು. "ಮಾವಾರ, ಒಂದು ಪ್ರಶ್ನಾ. ಒಂದs ಮಾತಿನ್ಯಾಗ ಹೇಳ್ರಿ. ಸ್ಪರ್ಧಾದ ಮುನ್ನಾದಿನ ನಳಿಗಿ ಕನ್ನಡಿ ಮಾಡಿ ಕೊಡವರು ಯಾರು?"

"ನಾನು."

"ಅಂದಾಜಿಗೆ ಹೆಚ್ಚು ಗುಂಡು ಹಾರಿಸಬ್ಯಾಡ, ದಂಡ ಅಂತ ಕಲಿಸಿದವರು?"

"ಅದೂ ನಾನs."

"ಹಂಗಾರ ಎರಡೂ ಸಲ ಶುರೂಕ ಬಿದ್ದ ಆ ಒಂಬತ್ತುಗಳ ಬಾಜೂಕ ನಿಮ್ಮ ಸಹಿ ಬರಬೇಕಲ್ರಿ."

"ವಕೀಲ್ರ, ನೀವೂ ಒಂದ ಸಲ ಕೈಯಿಂದ ಒರಸಿದ್ರ ನಿಮಗ ತಿಳೀತಿತ್ತು. ಪೆಟಗೀ ತೆರದ್ರ ಸಾಕು, ತಯಾರ್ ಇರತಿತ್ತು," ಅಂದೆ.

"ಒಪ್ಪಿಗಿ," ಎಂದು ಅವಳು ನಕ್ಕಳು. ಬಹಳ ದಿನದ ಮೇಲೆ ಮೈದಾನದಲ್ಲಿ ನಕ್ಕಿದ್ದಳು.

ಇನ್ನು ಆಯ್ಕೆ ಮಾಡುವುದು ಉಳಿದಿತ್ತು. ಈಗ ಕಾರ್ಡುಗಳು ಜಗಳ ಬಿಡಿಸುವಂತಿರಲಿಲ್ಲ. ಎಲ್ಲವೂ ಚಲೋ ಇದ್ದವು. ಬ್ರೇಕ್ ನಿಯಮದಿಂದಲೇ ಹೊರಗೆ. ಅದನ್ನು ನಾನೇ ಕಪಾಟಿನ ಹಿಂದಿನ ಮೂಲೆಗೆ ಇಟ್ಟೆ. ಕೊಳವೆ ನನಗೆ ಹಿಡಿಸಿತ್ತು. ಸೈಟು ದೂರವಾಗುತ್ತದೆ, ಗುರಿ ಸ್ಪಷ್ಟವಾಗುತ್ತದೆ. ಹಾಗೆಂದು ಹೇಳಿದೆ ಕೂಡ. ಅವಳು ಮರಳಿನ ಚೀಲ ತೆಗೆಸಿ, ಬೋರಲು ಮಲಗಿ, ರೈಫಲ್ಲಿನ ಪಟ್ಟಿ ತೋಳಿಗೆ ಬಿಗಿದುಕೊಂಡು, ಸ್ಪರ್ಧೆಯಲ್ಲಿ ಹಿಡಿಯುವಂತೆಯೇ ಹಿಡಿದು ನೋಡಿದಳು. ಕೊಳವೆ ಕಟ್ಟಿದಾಗ ಮೊದಲಿಗೆ ತುದಿ ಕಲ್ಲಿನಂತೆ ನಿಂತಿತು. ಸ್ವಲ್ಪ ಹೊತ್ತಿಗೆ ಎಡಗೈಯ ಬೆರಳು ಜುಮ್ಮೆನ್ನತೊಡಗಿದವು. ಅಷ್ಟು ದೂರದ ತುದಿಗೆ ಅಷ್ಟು ಭಾರ ಬಿದ್ದರೆ ಪಟ್ಟಿ ತೋಳನ್ನು ಬಿಗಿಯುತ್ತದೆ. ಅರವತ್ತು ಗುಂಡಿನ ಸ್ಪರ್ಧೆಯಲ್ಲಿ ಅದು ಕೊನೆಗೆ ಕೈ ಕೊಡುತ್ತದೆ. ಗಾಳಿ ಬಂದಾಗಲೂ ಉದ್ದನೆಯ ತುದಿ ಹೆಚ್ಚು ಅಲುಗಿತು.

ಟ್ಯೂನರ್ ಗಿಡ್ಡ. ಕೋಳಿಯ ಕತ್ತು ನಿಲ್ಲುವಷ್ಟು ಭಾರ ಇತ್ತು, ಕೈ ಜುಮ್ಮೆನ್ನುವಷ್ಟು ಇರಲಿಲ್ಲ. ಬಳೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಪ್ರತಿ ಸಲ ಒಂದು ಕಾರ್ಡು ಹೊಡೆಯುತ್ತ ಹೋದಳು. ಒಂದು ಜಾಗದಲ್ಲಿ ಗುಂಡುಗಳು ಒಂದರ ಮೇಲೊಂದು ಕೂತವು. ಅಲ್ಲಿಂದ ತುಸು ಆಚೆ ತಿರುಗಿಸಿದರೆ ಮೇಲೆ ಕೆಳಗೆ ಹರಡಿದವು. ಮತ್ತೆ ಹಿಂದಕ್ಕೆ ತಂದರೆ ಮತ್ತೆ ಕೂತವು. ಸಾಮಾನು ಬದಲಿಸುವುದು, ತಿರುಗಿಸುವುದು, ಎಲ್ಲದರ ನಡುವೆ ನನ್ನ ಕೈ ತನ್ನಷ್ಟಕ್ಕೆ ಡಬ್ಬಿಯ ಕಡೆ ಹೋಗುತ್ತಿತ್ತು, ಖಾಲಿ ಜಾಗ ಮುಟ್ಟಿ ವಾಪಸು ಬರುತ್ತಿತ್ತು.

"ಇದ ಇರಲ್ರಿ ಮಾವಾರ," ಅಂದಳು.

"ಕೊಳವಿ ಇನ್ನೊಮ್ಮಿ ನೋಡೂದಿಲ್ಲ?"

"ತೋಳು ಯಾರದು?"

"ನಿಂದs ಯವ್ವಾ."

ಅವಳು ಪರ್ಸಿನಿಂದ ಉಗುರಿಗೆ ಹಚ್ಚುವ ಕೆಂಪು ಬಣ್ಣ ತೆಗೆದು, ಬಳೆ ಮತ್ತು ನಳಿಗೆ ಕೂಡುವ ಕಡೆ ಒಂದು ಗೆರೆ ಎಳೆದಳು. ಬಳೆ ಸರಿದರೆ ಗೆರೆ ಮುರಿಯುತ್ತದೆ, ಕಣ್ಣಿಗೆ ಕಾಣುತ್ತದೆ. ಫೌಜಿನಲ್ಲಿ ಇದಕ್ಕೆ ನಾವು ಪೇಂಟಿನ ಡಬ್ಬಿ, ಬ್ರಷ್ಷು ತರಿಸುತ್ತಿದ್ದೆವು.

ಅಂದಿನಿಂದ ಸ್ಪರ್ಧೆಯ ತನಕದ ದಿನಗಳು ನನಗೆ ಕಠಿಣವಾದವು. ರೈಫಲ್ಲು ಹೊಲಸು ನಳಿಗೆಯೊಂದಿಗೆ ನಮ್ಮ ಮನೆಯ ಕಪಾಟಿನಲ್ಲಿ ಬೀಗ ಹಾಕಿಕೊಂಡು ಕೂತಿತ್ತು. ಬೋಲ್ಟ್ ಒರೆಸಿದೆ, ಕಟ್ಟಿಗೆಯ ಹಿಡಿಗೆ ಎಣ್ಣೆ ತಿಕ್ಕಿದೆ, ಪೆಟ್ಟಿಗೆಯ ಹಿತ್ತಾಳೆಯ ಕೊಂಡಿಗಳನ್ನು ಬೆಳಗಿದೆ. ನಳಿಗೆ ಮಾತ್ರ ಮುಟ್ಟಲಿಲ್ಲ. ಪೂಜೆ ಮುಗಿಸಿ ಎದ್ದು ಕಪಾಟಿನ ಮುಂದೆ ನಿಂತದ್ದನ್ನು ಹೆಂಡತಿ ನೋಡಿದಳು.

"ಕೈ ಕೆರೀತಾವೇನ್ರಿ?"

"ಇಲ್ಲ."

"ಕೆರೀತಿದ್ರ ಬರ್ರಿ. ಇನ್ನೂ ಎರಡು ಪರಕರ ಅದಾವ, ದಿಂಬಿನ ಚೀಲಕ್ಕೂ ಲಾಡಿ ಹಾಕೂದೈತಿ."

ಹುರಿಯನ್ನು ನನ್ನ ಕೈಗೆ ಕೊಟ್ಟಳು. ನಾನು ಹಾಕಿದೆ. ಹಿತ್ತಾಳೆಯ ಭಾರ ಸರ್ರಂತ ಆ ಕಡೆ ಬರುವುದು ಖರೆ.

ರಾಜ್ಯ ಸ್ಪರ್ಧೆಗೆ ಸೊಸೆಯ ಜೊತೆ ನಾನೇ ಹೋದೆ. ಸಲಕರಣೆ ತಪಾಸಣೆಯವರು ಟ್ಯೂನರನ್ನು ಬಿಚ್ಚದೆಯೇ ಬೆಳಕಿಗೆ ಹಿಡಿದು, ತೂತಿಲ್ಲ ಎಂದು ಖಾತ್ರಿ ಮಾಡಿಕೊಂಡು ಮುದ್ರೆ ಅಂಟಿಸಿದರು. ಆಮೇಲೆ ಅವರಲ್ಲೊಬ್ಬರು ನಳಿಗೆಯ ಬಾಯಿ ನೋಡಿ, "ಸಾಹೇಬ್ರ, ಶುಚಿ ಮಾಡಿಲ್ಲೇನ್ರಿ?" ಅಂದರು. ಬದುಕಿನಲ್ಲಿ ಮೊದಲ ಸಲ ನನಗೆ ಯಾರೋ ಆ ಮಾತು ಹೇಳಿದ್ದು. "ಇಲ್ರಿ," ಅಂದೆ. 

ಅವಳು ಮಲಗಿದಳು. ಲೆಕ್ಕಕ್ಕೆ ಸೇರದ ಅಂದಾಜಿನ ಗುಂಡುಗಳ ಸಮಯದಲ್ಲಿ, ಹಿಂದೆಂದೂ ಹಾರಿಸದಷ್ಟು ಗುಂಡುಗಳನ್ನು ಧಾರಾಳವಾಗಿ ಹಾರಿಸಿದಳು. ನಾನು ಹಿಂದಿನ ಕುರ್ಚಿಯಲ್ಲಿ ಕುಳಿತು ಅವುಗಳನ್ನು ಎಣಿಸಬಾರದೆಂದು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ನಂತರ ಲೆಕ್ಕದ ಗುಂಡುಗಳು ಶುರುವಾದವು. ಹಿಂದೆ ಎರಡು ಸಲ ಅವಳನ್ನು ಕೆಡವಿದ ಶುರುವಿನ ಹತ್ತು ಗುಂಡುಗಳಿಗೂ ಪೂರ್ತಿ ಹತ್ತು ಅಂಕವೇ ಬಂತು, ಒಂಬತ್ತೂ ಬರಲಿಲ್ಲ, ಎಂಟೂ ಬರಲಿಲ್ಲ. ನಡುವೆ ಗಾಳಿ ಎದ್ದಾಗ ಒಂದೆರಡು ತಪ್ಪಿದವು. ಅವು ಗಾಳಿಯವು, ಅವಳೂ ಒಪ್ಪಿದಳು. ಮುಗಿದ ಮೇಲೆ ಗೋಡೆಗೆ ಅಂಕಗಳ ಹಾಳೆ ಹಚ್ಚಿದರು. ಅವಳು ನನ್ನನ್ನು ಅಲ್ಲಿಯೇ ನಿಲ್ಲಿಸಿ ತಾನು ಹೋಗಿ ನೋಡಿಕೊಂಡು ಬಂದಳು. ಬರುವಾಗ ನಡಿಗೆ ಕೋರ್ಟಿನಿಂದ ಗೆದ್ದು ಬರುವವರದಿತ್ತು.

"ಆತ್ರಿ ಮಾವಾರ. ನ್ಯಾಷನಲ್ಸ್‌ಗೆ ಹೋಗೂದ ಖರೆ."

ಮೂಡಲಗಿಗೆ ಬಂದ ದಿನ ನನ್ನ ಕೈ ಹಳೆಯ ಲೆಕ್ಕದಲ್ಲಿಯೇ ನಡೆಯಿತು. ಸ್ಪರ್ಧೆ ಮುಗಿದಿದೆ, ಇನ್ನು ನಳಿಗೆ ಒರೆಸಬಹುದು. ಡಬ್ಬಿ ತೆಗೆದೆ, ಫುಲ್‌ಥ್ರೂದ ಜಾಗ ಮತ್ತೆ ಖಾಲಿ ಇತ್ತು. ಹೆಂಡತಿಯ ಕಡೆ ನೋಡಿದೆ.

"ನನ್ನ ಕೇಳಬ್ಯಾಡ್ರಿ," ಅಂದಳು ಅವಳು. "ವಕೀಲ್ರು ಜಪ್ತಿ ಮಾಡ್ಯಾರ."

ಒಳಗಿನಿಂದ ಸೊಸೆ ಕೂಗಿದಳು, "ಅತ್ಯಾರ ಸೂಜಿ ಡಬ್ಬಿಯೊಳಗ ಐತ್ರಿ. ನ್ಯಾಷನಲ್ಸ್ ಮುಗಿಯೂತನಕ ಅಲ್ಲೇ ಇರ್ತೈತಿ."

ಆ ಹೊತ್ತಿಗೆ ಹುಕ್ಕೇರಿಯ ಗೆಳೆಯರ ಫೋನ್ ಬಂತು. ರೈಫಲ್ ಕೊಳ್ಳುತ್ತೇನೆಂದಿದ್ದವರು ನೋಡಲು ಯಾವಾಗ ಬರಲಿ ಎಂದು ಕೇಳುತ್ತಿದ್ದಾರಂತೆ. ಕೊಡುವುದಿಲ್ಲ ಎಂದು ಹೇಳಿಬಿಡಿ ಎಂದೆ. ಫೋನ್ ಇಟ್ಟು, ಬೋಲ್ಟ್ ಒರೆಸಿದೆ. ಬಳೆಯ ಮೇಲಿನ ಕೆಂಪು ಗೆರೆ ಮುರಿದಿಲ್ಲ ಎಂದು ನೋಡಿದೆ. ನಳಿಗೆಯನ್ನು ಇದ್ದಂತೆಯೇ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಊಟಕ್ಕೆ ಕುಳಿತೆ.